ಸಂಧಿಯನ್ನು ಬಿಡಿಸಿ ತೋರಿಸಿರಿ



‘ಮನೆ’ ಎಂಬ ಶಬ್ದಕ್ಕೆ ‘ಅನ್ನು’ ಸೇರಿದಾಗ ‘ಮನೆಯನ್ನು’ ಎಂದಾಗುತ್ತದೆ. ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಬಂದು ನಿಲ್ಲುತ್ತದೆ. ಇದು ಆಗಮಸಂಧಿಯೆಂದು ನೀವು ಕಲಿತಿದ್ದೀರಿ. ಭೌತವಿಜ್ಞಾನದಲ್ಲಿಯೂ ಇಂಥ ಸಂಧಿಗಳುಂಟು. ಅವುಗಳ ಕಥೆಯಿಂದ ನಾವೂ ನೀವೂ ಕಲಿಯಬೇಕಾದ ಪಾಠವೊಂದಿದೆಯೆಂದು ನಮ್ಮ ಅಭಿಪ್ರಾಯ.

ಕೆಲವು ಲೋಹಗಳನ್ನು ಅತ್ಯಂತ ತಣ್ಣಗೆ ಮಾಡಿದರೆ ಅವು ವಿದ್ಯುತ್ತಿಗೆ ಕಿಂಚಿತ್ತೂ ತಡೆಯೊಡ್ಡುವುದಿಲ್ಲ. ಪಾದರಸದ ಈ ಗುಣವನ್ನು ಹಾಲೆಂಡಿನ ಕಾಮರ್ಲಿಂಗ್ ಓನೆಸ್ ಅವರು 1911ರಲ್ಲಿ, ಶೂನ್ಯಕ್ಕಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಕಂಡರು. ಇಂಥ ಪದಾರ್ಥಕ್ಕೆ ಅತಿವಾಹಕವೆಂದು ಹೆಸರು. ಎರಡು ಅತಿವಾಹಕಗಳ ನಡುವೆ ಅವಾಹಕದ ಅತಿ ತೆಳುವಾದ ಪದರವನ್ನಿಟ್ಟರೂ, ವೋಲ್ಟೇಜಿನ ನೂಕುಬಲವಿಲ್ಲದೆಯೇ ವಿದ್ಯುತ್ಪ್ರವಾಹವು ಅದನ್ನು ದಾಟಬಲ್ಲುದೆಂದು 1962ರಲ್ಲಿ ಕೇಂಬ್ರಿಜ್ಜಿನ ಬ್ರಯನ್ ಜೋಸೆಫ್‌ಸನ್ ಲೆಕ್ಕ ಹಾಕಿ ಹೇಳಿದರು. ಆಗ ಅವರು 22 ವರ್ಷದ ವಿದ್ಯಾರ್ಥಿ. ಅತಿವಾಹಕತೆಯ ಮರ್ಮವನ್ನು ವಿವರಿಸಿದ ಮೂವರಲ್ಲೊಬ್ಬರೂ ನೊಬೆಲ್ ಪುರಸ್ಕೃತರೂ ಆದ ಜಾನ್ ಬಾರ್ಡೀನರು ಅದನ್ನು ಒಪ್ಪಲಿಲ್ಲ. ಹಿರಿಯರ ಕೀರ್ತಿಯಾಗಲಿ ಕಿರಿಯರ ಛಲವಾಗಲಿ ಆ ವಾದವನ್ನು ತೀರಿಸಲಿಲ್ಲ. 1963ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಆಂಡರ್ಸನ್ ಮತ್ತು ರೋವೆಲ್ ಅವರು ಅಳೆದು ನೋಡಿದರು. ವಿದ್ಯಾರ್ಥಿಯ ಮಾತು ನಿಜವಾಯಿತು. 1973ರಲ್ಲಿ ನೊಬೆಲ್ ಪಾರಿತೋಷಕವು ಜೋಸೆಫ್‌ಸನ್ನರಿಗೂ ಸಂದಿತು.

ಇಂದು ವಿಜ್ಞಾನಿಗಳು ಈ ಸಂಧಿಯ ನಡುವೆ ಟೋಪಾಲಜಿಯ ಅವಾಹಕಗಳೆಂಬ ಪದಾರ್ಥಗಳನ್ನಿರಿಸುತ್ತಿದ್ದಾರೆ. ಬಿಸ್ಮತ್ ಸೆಲೆನೈಡ್ ಅಂಥದೊಂದು: ಒಡಲಿನಲ್ಲಿ ಅವಾಹಕ, ಮೈಮೇಲೆ ವಾಹಕ. ಅದರ ಮೈಗೆ ಅತಿವಾಹಕವು ಕೂಡಿದಲ್ಲಿ, ನಮ್ಮ ಯಕಾರದಂತೆ, ಎರಡರಲ್ಲಿಯೂ ಇಲ್ಲದ ಹೊಸ ಸ್ಥಿತಿಯೊಂದು ತೋರಬಹುದೆಂದು 2008ರಲ್ಲಿ ಫೂ ಮತ್ತು ಕೇನ್ ಸೂಚಿಸಿದರು. ತಾನೇ ತನ್ನ ಪ್ರತಿಕಣವಾಗಿರುವ ಕಣವನ್ನು 1937ರಲ್ಲಿ ಊಹಿಸಿದ ಇಟಲಿಯ ಮಾಯೊರಾನಾ ಅವರ ಹೆಸರು ಅದಕ್ಕಿದೆ. ಅದು ಕೈಗೂಡಿದರೆ, ಹೊರಗಿನ ಗೊಂದಲದಿಂದ ಸುಲಭವಾಗಿ ಕೆಡದ ಕ್ವಾಂಟಂ ಗಣಕಯಂತ್ರವನ್ನು ಕಟ್ಟಬಹುದೆಂಬ ಆಸೆ.

ದೊಡ್ಡ ಆಸೆಯ ಬೆನ್ನಿಗೆ ಅವಸರವೂ ಬರುತ್ತದೆ. ಅರೆವಾಹಕದ ಸೂಕ್ಷ್ಮ ತಂತಿಗೆ ಅತಿವಾಹಕವನ್ನು ಕೂಡಿಸಿ, ಈ ಸ್ಥಿತಿಯ ಬಲವಾದ ಗುರುತನ್ನು ಕಂಡೆವೆಂದು ಹಾಲೆಂಡಿನ ಡೆಲ್ಫ್ಟ್ ನಗರದ ವಿಜ್ಞಾನಿಗಳು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಂದೆ ಅಲ್ಲಿಯೇ ದುಡಿದಿದ್ದ ಇಬ್ಬರು ಮೂಲ ಅಳತೆಗಳನ್ನು ಕೇಳಿ ಪಡೆದರು. ಕೆಲವು ಅಂಕಿಗಳು ಚಿತ್ರದಲ್ಲಿ ಬಿಟ್ಟುಹೋಗಿದ್ದುದು ಬೆಳಕಿಗೆ ಬಂದಿತು. ಉತ್ಸಾಹವೇ ಲೇಖಕರನ್ನು ಸೆಳೆದೊಯ್ದಿರಬೇಕೆಂದು ತಜ್ಞರು ಅಭಿಪ್ರಾಯಪಟ್ಟರು. 2021ರಲ್ಲಿ ಲೇಖಕರು ಕ್ಷಮೆ ಕೋರಿ ಲೇಖನವನ್ನು ಹಿಂತೆಗೆದುಕೊಂಡರು. ಆ ಸ್ಥಿತಿಯು ನಿಸ್ಸಂದೇಹವಾಗಿ ದೊರೆತಿದೆಯೆಂದು ವಿದ್ವಾಂಸರೆಲ್ಲರೂ ಇನ್ನೂ ಒಪ್ಪಿಲ್ಲ.

ಇದು ವಿಜ್ಞಾನಕ್ಕೆ ಕಳಂಕವೆಂದು ಕೆಲವರು ಹೇಳಬಹುದು. ನಾವು ಹಾಗೆ ಭಾವಿಸುವುದಿಲ್ಲ. ತಪ್ಪನ್ನು ಮುಚ್ಚಿಟ್ಟಿದ್ದರೆ ಕಳಂಕವಾಗುತ್ತಿತ್ತು. ಒಮ್ಮೆ ಕಿರಿಯನ ಮಾತು ಗೆದ್ದಿತು, ಇನ್ನೊಮ್ಮೆ ಹೆಸರಾಂತ ಪತ್ರಿಕೆಯ ಮಾತು ಬಿದ್ದಿತು; ಎರಡು ಸಲವೂ ಒರೆಗಲ್ಲು ಒಂದೇ.

ನಮ್ಮ ತರಗತಿಗಳಲ್ಲಿಯೋ ಪ್ರಶ್ನೆ ಕೇಳಿದವನನ್ನು ಉದ್ಧಟನೆಂದು ಕೂರಿಸುವ ರೂಢಿ ಇನ್ನೂ ಅಳಿದಿಲ್ಲ. ಅದರ ಹೊಣೆ ಶಿಕ್ಷಕರಾದ ನಮ್ಮದೇ. ಉತ್ತರಪತ್ರಿಕೆಯಲ್ಲಿ ನೀವು ಸಂಧಿಯ ಹೆಸರನ್ನಷ್ಟೇ ಬರೆದರೆ ನಾವು ಪೂರ್ಣ ಅಂಕ ಕೊಡುವುದಿಲ್ಲ. ಬಿಡಿಸಿ ತೋರಿಸಿರಿ ಎನ್ನುತ್ತೇವೆ. ಅದೇ ಮಾತನ್ನು ವಿನಯದಿಂದ, ಆದರೆ ಅಳುಕಿಲ್ಲದೆ, ನೀವು ನಮಗೂ ಹೇಳಿರಿ. ಬಿಡಿಸಿ ತೋರಿಸಲು ನಮಗೆ ಬಾರದಿದ್ದರೆ, ಕರಿಹಲಗೆಯನ್ನು ಒರೆಸಿ ಮತ್ತೆ ಮೊದಲಿನಿಂದ ಬರೆಯೋಣ.