ತೌರುಮನೆಯ ಹೆಸರು

ವಂಶವೃಕ್ಷವನ್ನು ಬರೆಯಿಸಿ ಗೋಡೆಗೆ ತೂಗುಹಾಕುವ ಮನೆತನಗಳು ನಮ್ಮಲ್ಲಿ ಅನೇಕವುಂಟು. ಏಳು ತಲೆಮಾರಿನ ಗಂಡಸರ ಹೆಸರುಗಳು ಅದರಲ್ಲಿ ಕ್ರಮವಾಗಿರುವುವು; ಅವರನ್ನು ಹೆತ್ತವಳು ಯಾರ ಮಗಳೆಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಮದುವೆಯ ದಿನವೇ ವಧುವಿಗೆ ಹೊಸ ಹೆಸರಿಡುವ ರೂಢಿಯಿದ್ದ ಮನೆಗಳಲ್ಲಂತೂ ತೌರಿನವರು ಕರೆದ ಹೆಸರೂ ಉಳಿಯಲಿಲ್ಲ. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಹೇಳುವುದುಂಟಲ್ಲವೆ ಎಂದು ಕೆಲವರು ವಾದಿಸುವರು. ಹೇಳುವುದು ಗಂಡನ ಗೋತ್ರದೊಡನೆಯೇ ಹೊರತು ತಂದೆಯ ಗೋತ್ರದೊಡನೆಯಲ್ಲ.

ಇದೇ ಪೂರ್ವಿಕರ ಪದ್ಧತಿಯೆನ್ನುವುದೂ ಸಲ್ಲದು. ಹನ್ನೆರಡನೆಯ ಶತಮಾನದ ಶ್ರವಣಬೆಳ್ಗೊಳದ ಶಾಸನಗಳು ಹೊಯ್ಸಳರ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯನನ್ನೂ ತಾಯಿ ಮಾಚಿಕಬ್ಬೆಯನ್ನೂ ಹೆಸರಿಸಿವೆ. ಕಲ್ಲಿನಲ್ಲಿ ದೊರೆತ ಸ್ಥಳವು ಕಾಗದದಲ್ಲಿ ದೊರೆಯದೆ ಹೋದುದೇಕೆ?

ಬರಿದಾದ ಸ್ಥಳವನ್ನು ಊಹೆಯಿಂದ ತುಂಬಿಸುವವರ ಅಪಚಾರವು ಇದಕ್ಕೂ ಮಿಗಿಲು. ಷೇಕ್ಸ್‌ಪಿಯರನ ವಧುವಿನ ತೌರಿನ ಹೆಸರು 1582ರ ನವೆಂಬರ್ 27ರ ಧರ್ಮಾಧಿಕಾರಿಯ ದಫ್ತರದಲ್ಲಿ ವೇಟ್ಲಿಯೆಂದೂ ಮರುದಿನದ ಮುಚ್ಚಳಿಕೆಯಲ್ಲಿ ಹ್ಯಾಥವೇ ಎಂದೂ ಇದೆ. ಬರೆದಿಟ್ಟ ದಾಖಲೆಗಳಲ್ಲಿಯೇ ಇಷ್ಟು ಭೇದವಿರುವಾಗ ಊಹೆಯನ್ನು ನಂಬುವುದೆಂತು?

ಆದುದರಿಂದ ಮನೆಯ ಹಿರಿಯ ಹೆಂಗಸರನ್ನು ಇಂದೇ ಕೇಳತಕ್ಕದ್ದು. ತಿಳಿದುದನ್ನು, ಹೇಳಿದವರು ಯಾರೆಂಬುದರೊಡನೆ ಬರೆಯಲಿ. ಸಂಶಯವಿದ್ದುದನ್ನು ಸಂಶಯವೆಂದೇ ಬರೆಯಲಿ. ಅವರು ಕಣ್ಮುಚ್ಚಿದ ಮೇಲೆ ಕೇಳುವುದಾದರೂ ಯಾರನ್ನು?