ಕರಗಿಸೋ ಮುಂಚೆ ಎರಡೂ ಕಡೆ ಫೋಟೋ ತೆಗೀರಿ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸ್, ಅದು ಮುಗಿಯೋ ಹೊತ್ತಿಗೆ ತಂಗಿ ಮದುವೆ, ಬೆಂಗಳೂರು-ಬೀದರ್ ರೈಲಿನಲ್ಲಿ ಓಡಾಟ... ಇವತ್ತು ಬರೆಯೋದಕ್ಕೆ ಕಾರಣ ಒಂದು ಪುತಳಿ. ಈಗ ಅದು ಇಲ್ಲ, ತಂಗಿಯ ಬಳೆಯೊಳಗೆ ಕರಗಿ ಸೇರಿಹೋಗಿದೆ.

ನಮ್ಮ ಕಡೆಯವರಿಗೆ ಪುತಳಿ ಸರ ಅಂದ್ರೆ ಏನಂತ ಹೇಳಬೇಕಿಲ್ಲ. ಉಳಿದವರಿಗಾಗಿ: ತೆಳ್ಳಗಿನ ಚಿನ್ನದ ನಾಣ್ಯಗಳಿಗೆ ಕೊಂಡಿ ಬೆಸೆದು ಪೋಣಿಸಿದ ಸರ ಅದು. ಪುತಳಿ ಅಂದ್ರೆ ಗೊಂಬೆ. ಒಂದು ಕಡೆ ಇಬ್ಬರು ಮನುಷ್ಯರು, ನಡುವೆ ಒಂದು ಕೋಲು. ಇನ್ನೊಂದು ಕಡೆ ಮೊಟ್ಟೆಯಾಕಾರದ ಚೌಕಟ್ಟು, ಸುತ್ತ ನಕ್ಷತ್ರ, ನಡುವೆ ಒಬ್ಬ. ನಮ್ಮ ಆಯಿ ಅದನ್ನ ದೇವರು ಅಂತಲೇ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಸಲಿಗೆ ಅದು ಇಟಲಿಯ ವೆನಿಸ್ ನಗರದ ಡುಕಾಟ್. 1284ರಲ್ಲಿ ಶುರುವಾಗಿ 1797ರಲ್ಲಿ ಆ ಗಣರಾಜ್ಯ ಬೀಳುವವರೆಗೂ ಹೆಚ್ಚುಕಮ್ಮಿ ಒಂದೇ ಚಿತ್ರ, ಒಂದೇ ತೂಕ, ಸುಮಾರು ಮೂರೂವರೆ ಗ್ರಾಂ. ಮಂಡಿಯೂರಿದವನು ಅಲ್ಲಿನ ಅಧಿಪತಿ, ಎದುರಿಗಿರುವವನು ಸಂತ ಮಾರ್ಕ್, ಚೌಕಟ್ಟಿನೊಳಗಿನವನು ಯೇಸು! ವ್ಯಾಪಾರದಲ್ಲಿ ಹಡಗಿನ ಮೇಲೆ ಬಂದದ್ದು ಇಲ್ಲಿ ಎಷ್ಟು ಬೇಕಾಯಿತೆಂದರೆ ನಮ್ಮವರೇ ಅದರ ನಕಲು ಹೊಡೆದರು. ಲ್ಯಾಟಿನ್ ಓದಲು ಬಾರದ ಕೈ ಕೊರೆದ ಅಕ್ಷರಗಳು ಬರೀ ಗೀಟುಗಳಾದವು. ಅದನ್ನ ಟಂಕಸಾಲೆಯ ತಪ್ಪು ಅಂತ ತಿಳಿಯಬೇಡಿ. ಅದು ನಕಲು, ಅಷ್ಟೆ. ಚಿನ್ನ ಚಿನ್ನವೇ.

ಮದುವೆಗೆ ಮುಂಚೆ ಅವ್ವ ತನ್ನ ಪಾಲಿನ ಪುತಳಿಗಳನ್ನ ತೆಗೆದುಕೊಂಡು ಅಂಗಡಿಗೆ ಹೋದಳು. ಜೊತೆಗೆ ನಾನೂ ಇದ್ದೆ. ಅಂಗಡಿಯವನು ಒಂದನ್ನ ಬೇರೆ ತೆಗೆದಿಟ್ಟ. "ಇದ್ರ ಮ್ಯಾಲ ಅಚ್ಚು ಸರಿ ಬಿದ್ದಿಲ್ಲ ರೀ ಅಕ್ಕಾ, ಡಿಫೆಕ್ಟ್ ಪೀಸ್ ಅದ" ಅಂತ ಹೇಳಿ ಸ್ವಲ್ಪ ರೇಟು ಮುರಿದ. ತೂಕಕ್ಕೆ ಕೊಳ್ಳುವವನಿಗೆ ಅಚ್ಚಿನ ಚಿಂತೆ ಯಾಕೋ! ಯೇಸುವಿನ ಅಕ್ಕಪಕ್ಕದ ಖಾಲಿ ಜಾಗದಲ್ಲಿ ಏನೋ ಮಬ್ಬು ಗೆರೆಗಳಿದ್ದವು. ನಾನೂ ನೋಡಿದೆ, ಸುಮ್ಮನಾದೆ.

ಇದರ ಉಲ್ಟಾ ನೋಡಬೇಕಂದ್ರೆ ಇಂಟರ್‌ನೆಟ್ಟಿನಲ್ಲಿ ಹಳೆ ನಾಣ್ಯ ಮಾರುವವರನ್ನ ನೋಡಿ. ಚಿತ್ರ ಒಂದು ಕಡೆ ಸರಿದಿದ್ದರೆ ಸಾಕು, "ಅಪರೂಪದ ಎರರ್ ಕಾಯಿನ್" ಅಂತ ಎರಡರಷ್ಟು ಬೆಲೆ. ನನ್ನ ಪ್ರಕಾರ ಇಬ್ಬರೂ ತಪ್ಪು. ನಾಣ್ಯ ಹೇಗೆ ಮಾಡುತ್ತಿದ್ದರು ಅನ್ನೋದು ಗೊತ್ತಿಲ್ಲದೆ ಯಾವುದು ತಪ್ಪು ಅಂತ ಹೇಳೋಕೆ ಆಗಲ್ಲ. ಸ್ಪೆಕ್ ಓದದೆ ಬಗ್ ಹಾಕುವ ಟೆಸ್ಟರ್ ಥರ :-)

ಅಹಮದ್ ಷಾ ಬಹಮನಿ ರಾಜಧಾನಿಯನ್ನ ಕಲಬುರ್ಗಿಯಿಂದ ಬೀದರಿಗೆ ತಂದ ಮೇಲೆ ನಮ್ಮೂರಿಗೆ ಮುಹಮ್ಮದಾಬಾದ್ ಅಂತ ಹೆಸರು, ನಾಣ್ಯದ ಮೇಲೂ ಅದೇ ಹೆಸರು. ಆದರೆ ಎಷ್ಟೋ ನಾಣ್ಯಗಳಲ್ಲಿ ಊರ ಹೆಸರು ಅರ್ಧ ಇರುತ್ತೆ, ಕೆಲವದರಲ್ಲಿ ಇರೋದೇ ಇಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅಡಿಯಚ್ಚು ಮರದ ದಿಮ್ಮಿಯಲ್ಲೋ ಅಡಿಗಲ್ಲಿನಲ್ಲೋ ಭದ್ರ, ಅದರ ಮೇಲೆ ಬಿಲ್ಲೆ, ಮೇಲಚ್ಚು ಕೈಯಲ್ಲಿ, ಸುತ್ತಿಗೆಯಿಂದ ಒಂದೇಟು. ಚಿತ್ರ ಸರಿಯುವುದು, ಅಂಚು ಸೀಳುವುದು, ಆಕಾರ ವಕ್ರವಾಗುವುದು ಎಲ್ಲ ಆ ಪದ್ಧತಿಯಲ್ಲೇ ಇದೆ. 1918ರಲ್ಲಿ ಬೊಂಬಾಯಿಯಲ್ಲಿ ಯಂತ್ರದಿಂದ ಹೊಡೆದ ಸಾವರಿನ್ ಹಾಗೆ ಸರಿದಿದ್ದರೆ ಸುದ್ದಿ. ಬಹಮನಿ ನಾಣ್ಯ ಸರಿದಿದ್ದರೆ ಏನೂ ಅಲ್ಲ.

ನಿಜವಾದ ತಪ್ಪುಗಳೂ ಇವೆ. ಒಂದು, ಹೊಡೆದ ನಾಣ್ಯ ಮೇಲಚ್ಚಿಗೇ ಅಂಟಿಕೊಂಡು ಉಳಿದು, ಮುಂದಿನ ಬಿಲ್ಲೆಯ ಮೇಲೆ ಅದೇ ಬೀಳುವುದು. ಆಗ ಒಂದು ಕಡೆ ಉಬ್ಬಿದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ, ಪೂರ್ತಿಯಾಗಿ ಇರುತ್ತೆ. ಇದು ಆ ನಾಣ್ಯದ ತಪ್ಪು. ಡೈ ಕ್ಲ್ಯಾಶ್ ಬೇರೆ. ಕೆಲಸಗಾರ ಬಿಲ್ಲೆ ಇಡುವ ಮೊದಲೇ ಸುತ್ತಿಗೆ ಬಿತ್ತು ಅನ್ನಿ. ಅಚ್ಚಿಗೆ ಅಚ್ಚು ಡಿಕ್ಕಿ ಹೊಡೆದು ಒಂದರ ಗುರುತು ಇನ್ನೊಂದರ ಮೇಲೆ ಮೂಡುತ್ತೆ. ಅಲ್ಲಿಂದ ಮುಂದೆ ಆ ಅಚ್ಚಿನಿಂದ ಬರುವ ನಾಣ್ಯಗಳಲ್ಲೆಲ್ಲ, ಉಜ್ಜಿ ತೆಗೆಯುವವರೆಗೂ, ಅದೇ ಜಾಗದಲ್ಲಿ ಅದೇ ಮಬ್ಬು ಗೆರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೊದಲನೆಯದು ಒಂದು ಸಲ ರನ್ ಆದಾಗ ಆದ ಎಡವಟ್ಟು, ಎರಡನೆಯದು ಕೋಡಿನಲ್ಲೇ ಸೇರಿಕೊಂಡ ಬಗ್.

ಕ್ಲ್ಯಾಶ್ ಗೆರೆಗಳು ಕಾಣೋದು ನಾಣ್ಯದ ಬಯಲು ಜಾಗದಲ್ಲಿ, ತೆಳ್ಳಗೆ ತಗ್ಗಾಗಿ, ಹಿಂಬದಿ ಚಿತ್ರದ ಕನ್ನಡಿ ರೂಪದಲ್ಲಿ. ಆ ಕಡೆಯ ಸ್ವಂತ ಚಿತ್ರ ಹಾಗೇ ಇರುತ್ತೆ. ಅಚ್ಚು ಬಿರುಕು ಬಿಟ್ಟಿದ್ದರೆ ಗೆರೆ ಉಬ್ಬಿರುತ್ತೆ, ಆಮೇಲೆ ಯಾರೋ ಗೀರಿದ್ದರೆ ತಗ್ಗು ಚೂಪಾಗಿ ಚಿತ್ರದ ಮೇಲೂ ಹಾದುಹೋಗಿರುತ್ತೆ. ಇಷ್ಟು ಸುಲಭ. ಕಷ್ಟ ಬರೋದು ಪುತಳಿಯಂಥ ತೆಳು ನಾಣ್ಯದಲ್ಲಿ. ಅದರಲ್ಲಿ ಹಿಂದಿನ ಚಿತ್ರ ಉಬ್ಬಿದ ಕಡೆ ಮುಂದೆ ಸ್ವಲ್ಪ ಕುಸಿದು ನೆರಳು ಬೀಳಬಹುದು. ಅದೂ ತಗ್ಗು, ಅದೂ ಕನ್ನಡಿ ರೂಪ! ಮತ್ತೆ ಹೇಗೆ ಬೇರೆ ಮಾಡೋದು?

ಕೋನ ನೋಡಬೇಕು. ಮೇಲಚ್ಚು ಕೈಯಲ್ಲಿರೋದರಿಂದ ಪ್ರತಿ ಏಟಿಗೂ ಸ್ವಲ್ಪ ತಿರುಗುತ್ತೆ. ಡಿಕ್ಕಿಯಾದ ಕ್ಷಣದ ಕೋನ ಅಚ್ಚಿನಲ್ಲಿ ಕಾಯಂ ಆಗಿ ಉಳಿದಿದೆ, ಆದರೆ ಈ ನಾಣ್ಯ ಹೊಡೆದಾಗ ಮೇಲಚ್ಚು ಬೇರೆ ಕೋನದಲ್ಲಿತ್ತು. ಹಿಂಬದಿಯ ಫೋಟೋವನ್ನ ಕನ್ನಡಿಯಂತೆ ತಿರುಗಿಸಿ, ಅರ್ಧ ಪಾರದರ್ಶಕ ಮಾಡಿ ಮುಂಬದಿ ಫೋಟೋ ಮೇಲೆ ಇಡಿ. ಗೆರೆಗಳು ಅಲ್ಲೇ ಕೂತರೆ ನೆರಳೂ ಇರಬಹುದು, ಕ್ಲ್ಯಾಶೂ ಇರಬಹುದು. ಫೋಟೋ ತಿರುಗಿಸಿದ ಮೇಲೆ ಕೂತರೆ ನೆರಳು ಅಲ್ಲ, ಯಾಕಂದ್ರೆ ನೆರಳು ತನ್ನ ಹಿಂದಿನ ಚಿತ್ರ ಬಿಟ್ಟು ತಿರುಗಲ್ಲ. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಅದೇ ಅಚ್ಚಿನ ಎರಡನೇ ನಾಣ್ಯ ಬೇಕು. ಗುರುತು ಇಲ್ಲದ್ದು, ಇರೋದು, ಉಜ್ಜಿ ಮಾಸಿದ್ದು ಅಂತ ಸಾಲಾಗಿ ಇಟ್ಟರೆ ಯಾವುದು ಮೊದಲು ಹೊಡೆದದ್ದು, ಯಾವುದು ಆಮೇಲೆ ಅಂತಲೂ ಗೊತ್ತಾಗುತ್ತೆ. ಇಸವಿಯೇ ಇಲ್ಲದ ನಕಲು ಪುತಳಿಗೆ ಅದು ಎಷ್ಟು ದೊಡ್ಡ ವಿಷಯ ಯೋಚಿಸಿ.

ಅದಕ್ಕೇ ನನಗೆ ಸಿಟ್ಟು. ಚಿನ್ನ ಕರಗಿಸೋದು ನಮ್ಮ ನಾಡಿಗೆ ಹೊಸದಲ್ಲ. ಒಂದನೇ ಮುಹಮ್ಮದ್ ಷಾನ ಕಾಲದಲ್ಲಿ, ಇನ್ನೂ ಕಲಬುರ್ಗಿಯೇ ರಾಜಧಾನಿಯಾಗಿದ್ದಾಗ, ವಿಜಯನಗರ ಮತ್ತು ವಾರಂಗಲ್ ರಾಜರ ಚಿತಾವಣೆಯಿಂದ ಬಹಮನಿ ಚಿನ್ನದ ನಾಣ್ಯ ಕರಗಿಸುತ್ತಿದ್ದವರನ್ನ ಸುಲ್ತಾನ ಕೊಲ್ಲಿಸಿದ ಅಂತ ಫೆರಿಷ್ತಾ ಬರೆದಿದ್ದಾನೆ. ನಾನು ಅಷ್ಟು ದೂರ ಹೋಗಲ್ಲ :-) ಮದುವೆ ಇದೆ, ದುಡ್ಡು ಬೇಕು, ಕರಗಿಸಿ. ಅವ್ವನಿಗೆ ಬೇಡ ಅನ್ನೋ ಹಕ್ಕು ನನಗೂ ಇರಲಿಲ್ಲ. ಆದರೆ ಅದಕ್ಕೆ ಮುಂಚೆ ಐದು ನಿಮಿಷ: ಎರಡೂ ಬದಿ ಫೋಟೋ, ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ, ಮತ್ತೆ ಒಂದೊಂದರ ತೂಕ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಆ ತೆಳು ಗೆರೆಗಳೇ ಮೊದಲು ಹೋಗೋದು.

ನಾನು ಮಾಡಿದ್ದು? ತಂಗಿ ವಾಟ್ಸಾಪಿಗೆ ಅಂತ ಸರದ ಫೋಟೋ ತೆಗೆದಿದ್ದಳು. ಮೊನ್ನೆ ದೊಡ್ಡದು ಮಾಡಿ ನೋಡಿದೆ. ಆ "ಡಿಫೆಕ್ಟ್ ಪೀಸ್" ಇದೆ. ಯೇಸುವಿನ ಎಡಕ್ಕೆ ಒಂದು ಉದ್ದ ಗೆರೆ, ಕೋಲಿನ ಥರ, ಪಕ್ಕದಲ್ಲಿ ಬಾಗಿದ ಬೆನ್ನಿನ ಥರ ಒಂದು ಅಂಚು. ಆದರೆ ಹಿಂಬದಿ ಫೋಟೋ ಇಲ್ಲ. ಕೋನ ಅಳೆಯೋದು ಯಾವುದರ ಜೊತೆ?

ಆಯಿಯ ಸರದ ಇನ್ನರ್ಧ ಭಾಲ್ಕಿಯಲ್ಲಿ ದೊಡ್ಡವ್ವನ ಹತ್ತಿರ ಇದೆ, ಹನ್ನೊಂದು ಪುತಳಿ. ನಿನ್ನೆ ಫೋನ್ ಮಾಡಿದೆ. "ದೀಪಾವಳಿಗಿ ಬಾ, ತೋರಸ್ತೀನಿ. ಖರೇ ಅದ್ರಾಗ ಏನ್ ನೋಡ್ತಿಯೋ ಯಪ್ಪಾ?" ಅಂದಳು. ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದೆ.