ಚೆನ್ನೈವರೆಗೆ ಹೋಗಬೇಕಾದ ದೂರು

ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆ ಬಗ್ಗೆ ಸುತ್ತಲ ಹಳ್ಳಿಗರ ದೂರು ಹೊಸದಲ್ಲ. ಮನವಿ ಪತ್ರ ಕೊಡುವುದರಲ್ಲಿ ಯಾದಗಿರಿ ಜಿಲ್ಲೆಯ ಜನ ಪಳಗಿದ್ದಾರೆ. ಆದರೆ ಕಚೇರಿಯ ಸ್ವೀಕೃತಿ ಮೊಹರು ಬೀಳುವಲ್ಲಿಗೆ ಬಹುತೇಕ ಹೋರಾಟಗಳು ನಿಲ್ಲುತ್ತವೆ. ಇಂಥ ದೂರು ಆಲಿಸಬೇಕಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ. ಆ ಮಂಡಳಿಯ 2010ರ ಕಾಯ್ದೆಯಂತೆ ವ್ಯಾಜ್ಯಕ್ಕೆ ಕಾರಣ ಹುಟ್ಟಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಸಕಾರಣವಿದ್ದರೆ ಮತ್ತೆ 60 ದಿನ. ಪರಿಹಾರ ಕೇಳಲು 5 ವರ್ಷ ಉಂಟು. ಮನವಿ ಹಿಡಿದು ಕಚೇರಿ ಅಲೆಯುವಷ್ಟರಲ್ಲೇ ಆರು ತಿಂಗಳು ಕಳೆದಿರುತ್ತದೆ!

ಶಹಾಪುರ ತಾಲ್ಲೂಕಿನ ಗೋಗಿಯ ಯುರೇನಿಯಂ ಗಣಿ ಯೋಜನೆ ಇರಲಿ, ಸುರಪುರದ ಕೃಷ್ಣಾ ತೀರದ ಮರಳು ಗಣಿಗಾರಿಕೆ ಇರಲಿ, ತೊಡಕು ಇದೇ. ಜೊತೆಗೆ ಭಾಷೆಯ ಅಡ್ಡಿ ಬೇರೆ. ಕೇಂದ್ರದ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮ ವರದಿಯ ಸಾರಾಂಶವಷ್ಟೇ ಸ್ಥಳೀಯ ಭಾಷೆಯಲ್ಲಿ ಸಿಕ್ಕರೆ ಸಾಕು. ಅಂತರ್ಜಲದ ಲೆಕ್ಕವೆಲ್ಲ ಇರುವ ದಪ್ಪ ಸಂಪುಟ ಇಂಗ್ಲಿಷಿನಲ್ಲೇ ಉಳಿಯುತ್ತದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ. ನ್ಯಾಯಮಂಡಳಿಗಳಿಗೂ ಅದು ಅನ್ವಯ. ಜಿಲ್ಲಾ ಪ್ರಾಧಿಕಾರ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಸೈದಾಪುರದಲ್ಲೇ ಶಿಬಿರ ಹೂಡಿ, ಬಾವಿ ನೀರಿನ ಪರೀಕ್ಷೆ ಮಾಡಿಸಿ, ಕನ್ನಡದ ದೂರನ್ನು ಇಂಗ್ಲಿಷ್ ಅರ್ಜಿಯಾಗಿಸಿ ಅವಧಿಯೊಳಗೆ ಚೆನ್ನೈಗೆ ಸಲ್ಲಿಸಲಿ.